ಆಕ್ಸಿಡೆಂಟ್ ಕ್ಲೇಮ್ ನಡಿಸಿದ ಹುಬ್ಬಳ್ಳಿ ವಕೀಲ್ರ ರಿವ್ಯೂ: 4 ಸ್ಟಾರ್, ಫೋನ್ ಎತ್ತಂಗಿಲ್ಲ ಅಂತ ಒಂದ್ ಸ್ಟಾರ್ ಕಟ್

ಮೊದಲ ಹೇಳಿಬಿಡ್ತೀನಿ, ವಕೀಲ್ರ ಹೆಸರು ಇಲ್ಲಿ ಬರಿಯಂಗಿಲ್ಲ. ಬಾರ್ ಕೌನ್ಸಿಲ್ ರೂಲ್ಸ್ ಪ್ರಕಾರ ವಕೀಲ್ರು ಜಾಹೀರಾತು ಮಾಡ್ಕೊಳ್ಳಂಗಿಲ್ಲ, ನಾ ಹೊಗಳಿ ಬರದ್ರ ಅವರಿಗೆ ತ್ರಾಸ, ಬೈದು ಬರದ್ರ ನನಗ ತ್ರಾಸ. ಆಫೀಸ್ ವಿದ್ಯಾನಗರ ಹೊಸ ಕೋರ್ಟ್ ಕಡೆ ಐತಿ ಅಂತ ಇಷ್ಟ ಸಾಕು. ಇಂಥಾ ಕೇಸಿಗೆ ವಕೀಲ್ರನ್ನ ಹುಡುಕಾಕತ್ತವ್ರು ಏನ್ ನೋಡಬೇಕು, ಏನ್ ಕೇಳಬೇಕು ಅನ್ನೂದು ಇದ್ರಾಗ ಸಿಕ್ರ ಅಷ್ಟ ಆತು.

ಕೇಸ್ ಹಿಂಗ ಐತಿ. ನಮ್ಮವ್ವ ಹಳೇ ಹುಬ್ಬಳ್ಳ್ಯಾಗ ಮನ್ಯಾಗ ಜ್ವಾಳದ ರೊಟ್ಟಿ ಬಡದು ಖಾನಾವಳಿಗೆ ಕೊಡ್ತಾಳ, ಮದಿವಿ ಸೀಸನ್‌ನ್ಯಾಗ ಕಟಕ ರೊಟ್ಟಿ ಆರ್ಡರ್ ಬ್ಯಾರೆ. 2023ರ ಮಳಿಗಾಲದಾಗ ಆಟೋದಾಗ ರೊಟ್ಟಿ ಬುಟ್ಟಿ ಇಟ್ಕೊಂಡು ಹೊಂಟಾಗ ಕಾರವಾರ ರೋಡಿನ್ಯಾಗ ಒಂದು ಕಾರು ಸೈಡ್ ರೋಡಿಂದ ನೋಡ್ಲಾರ್ದ ನುಗ್ಗಿ ಗುದ್ದಿತು, ಆಟೋ ಮಗ್ಗಲಾತು, ಅವ್ವನ ಬಲಗೈ ಮಣಿಕಟ್ಟು ಮುರೀತು. ಆಪರೇಷನ್ ಆಗಿ ಪ್ಲೇಟ್ ಸ್ಕ್ರೂ ಕುಂತವು. ಆವಾಗ ಅಕಿಗೆ 47 ವಯಸ್ಸು. ವಯಸ್ಸು ಯಾಕ ಹೇಳಿದೆ ಅಂದ್ರ ಮುಂದ ಲೆಕ್ಕಕ್ಕ ಬೇಕಾಗ್ತೈತಿ.

ವಕೀಲ್ರ ವಿಷಯಕ್ಕ ಬರೂಕಿಂತ ಮೊದ್ಲ ಆ ಏಜೆಂಟನ ಬಗ್ಗೆ ಎರಡ್ ಮಾತು. ಅವ್ವ ಇನ್ನೂ ವಾರ್ಡಿನ್ಯಾಗ ಇದ್ದಾಗಲೇ ಒಬ್ಬಂವ ಫೈಲ್ ಹಿಡ್ಕೊಂಡು ಬಂದ, ಅವ್ವಾರ ಹೆಂಗದೀರಿ, ಊಟ ಆತೇನ್ರಿ ಅಂತ ಮನಿ ಮಂದಿಗಿಂತ ಜಾಸ್ತಿ ಕಾಳಜಿ. ನಿಮಗ ಒಂದ್ ರೂಪಾಯಿ ಖರ್ಚಿಲ್ಲ, ಎಲ್ಲಾ ನಮ್ಮ ಸಾಹೇಬ್ರು ನೋಡ್ಕೋತಾರ, ರೊಕ್ಕ ಬಂದ ಮ್ಯಾಲ ನೂರಕ್ಕ ಮೂವತ್ತು ಕೊಟ್ರಾತು, ಈಗ ಇಲ್ಲೆ ಸಹಿ ಹಾಕ್ರಿ ಅಂದ. ನೋಡಿದ್ರ ವಕಾಲತ್ತು, ಅಂದ್ರ ವಕೀಲ್ರನ್ನ ನೇಮಿಸೂ ಕಾಗದ, ಖಾಲಿ, ಅದರ ಕೆಳಗ ಬಾಂಡ್ ಪೇಪರ್, ಅದೂ ಖಾಲಿ! ನಮ್ಮ ಭಾವ ಬಾಂಡ್ ಬರಿಯವ್ರ ಹಂತ್ಯಾಕ ಕೆಲಸ ಮಾಡ್ದಂವ, ಖಾಲಿ ಕಾಗದಕ್ಕ ಸಹಿ ಯಾಕೋ ತಮ್ಮಾ ಅಂತ ಕೇಳಿದ ಕೂಡ್ಲೆ ಆ ಮನಷ್ಯಾ ಚಾ ಕುಡದು ಬರ್ತೀನಿ ಅಂತ ಹೋದಂವ ತಿರುಗಿ ಬರ್ಲಿಲ್ಲ. ಬಂದ ಪರಿಹಾರದಾಗ ಪಾಲು ಮಾತಾಡೂದು, ಕೇಸ್ ಗೆದ್ರ ಇಷ್ಟು ಅಂತ ಫೀ ಕಟ್ಟೂದು ಎರಡೂ ವಕೀಲ್ರಿಗೆ ಬಾರ್ ಕೌನ್ಸಿಲ್ ರೂಲ್ಸಿನ್ಯಾಗ ಬಂದ್ ಐತಿ, ಆದ್ರ ಆಸ್ಪತ್ರಿ ಕ್ಯಾಂಟೀನ್‌ನ್ಯಾಗ ಕುಂತ್ರ ಇಂಥಾ ಮಾತು ರಾಜಾರೋಷ ನಡೀತಾವ.

ಆಮ್ಯಾಲ ಪರಿಚಯದವರು ಒಬ್ರು ಈ ವಕೀಲ್ರ ಹಂತ್ಯಾಕ ಕಳಿಸಿದ್ರು. ನನಗ ಹಿಡಿಸಿದ್ದು ಮೊದಲನೇ ಭೆಟ್ಟಿ. ಎಷ್ಟ್ ಲಕ್ಷ ಕೊಡಸ್ತೀನಿ ಅಂತ ಬಾಯಿ ಬಿಡಲೇ ಇಲ್ಲ. ಎಕ್ಸ್‌ರೇ ಬಾಜೂಕ ಇಟ್ಟು ಅವ್ವನ್ನ ಕೇಳಿದ್ರು, ಅವ್ವಾರ, ದಿನಾ ನೀವು ಕೆಲಸ ಹೆಂಗ ಮಾಡ್ತೀರಿ, ಬೆಳಗಿಂದ ಹಿಡದು ಹೇಳ್ರಿ. ಅವ್ವ ಶುರು ಮಾಡಿದ್ಲು, ಎಸರು ಹಾಕಿ ಹಿಟ್ಟು ನಾದೂದು, ಅಂಗೈ ಊರಿ ಮೈಯ ಭಾರ ಎಲ್ಲಾ ಹಾಕಿ ನಾದಿದ್ರ ರೊಟ್ಟಿ ಬಿರಿಯಂಗಿಲ್ಲ, ಆಮ್ಯಾಲ ಬಡಿಯೂದು, ಬಲಗೈ ಬಡೀತಿರಬೇಕು ರೊಟ್ಟಿ ತಿರುಗ್ತಿರಬೇಕು, ತೆಳ್ಳಗ ಆದ ಮ್ಯಾಲ ಎರಡೂ ಕೈಲೆ ಎತ್ತಿ ಹಂಚಿನ ಮ್ಯಾಲ ಹಾಕಬೇಕು, ಅಲ್ಲೆ ಮಣಿಕಟ್ಟು ಹಿಂದಕ್ಕ ಬಗ್ಗಬೇಕ್ರಿ ಸಾಹೇಬ್ರ, ಅದ ಈಗ ಬಗ್ಗಂಗಿಲ್ಲ. ಹಂಗ ಹೇಳ್ತಾ ಹೇಳ್ತಾ ಅವರ ಟೇಬಲ್ ಮ್ಯಾಲೇ ಬಡದು ತೋರಸಾಕ ಹೋದ್ಲು, ಎರಡ್ ಸಲ ಕೈ ಬಿದ್ದಿದ್ದ, ಮುಖ ಕಿವುಚಿ ಎಡಗೈಲೆ ಮಣಿಕಟ್ಟು ಹಿಡ್ಕೊಂಡು ಕುಂತ್ಲು. ವಕೀಲ್ರು ಇದನ್ನೆಲ್ಲಾ ಬರಕೊಂಡ್ರು. ಬರಕೊಂಡಿದ್ದು ಹಂಗ ಅರ್ಜಿಯೊಳಗ ಬಂತು, ಬಲಗೈ ಮಣಿಕಟ್ಟಿನ ಗಾಯ ಅಂತ ಒಂದ ಸಾಲಲ್ಲ, ನಾದೂದು, ಬಡಿಯೂದು, ಎತ್ತಿ ಹಾಕೂದು ಮೂರೂ ಬ್ಯಾರೆ ಬ್ಯಾರೆ.

ಇದ್ಯಾಕ ಇಷ್ಟು ಮುಖ್ಯ ಅಂದ್ರ ಈ ಕೇಸಿನ್ಯಾಗ ರೊಕ್ಕ ಮುರದ ಎಲುಬಿಗಲ್ಲ, ಆ ಎಲುಬು ದುಡೀತಿದ್ದ ದುಡಿಮಿಗೆ. ಸುಪ್ರೀಂ ಕೋರ್ಟಿನ 2010ರ ತೀರ್ಪು ಒಂದೈತಿ, ರಾಜಕುಮಾರ್ ವಿರುದ್ಧ ಅಜಯಕುಮಾರ್ ಅಂತ, ಆಕ್ಸಿಡೆಂಟ್ ಕೇಸ್ ಮಾಡೂ ವಕೀಲ್ರಿಗೆ ಬಾಯಿಪಾಠ. ಅದ್ರಾಗ ಹೇಳ್ಯಾರ, ಎಡಗೈ ಹೋದಂವ ಡ್ರೈವರ್ ಇಲ್ಲಾ ಬಡಿಗ್ಯಾ ಆಗಿದ್ರ ಅವನ ದುಡಿಮಿ ಪೂರಾ ಹೋದಂಗ, ಅದ ಕೈ ಸರ್ಕಾರಿ ಆಫೀಸಿನ ಕ್ಲರ್ಕಂದು ಆದ್ರ ನೌಕರಿ ಉಳೀಬಹುದು, ಅದಕ್ಕ ಡಾಕ್ಟರ್ ಬರದ ಅಂಗವೈಕಲ್ಯದ ಪರ್ಸೆಂಟ್ ಹಂಗ ತಗೋಬ್ಯಾಡ್ರಿ, ಆ ಮನಷ್ಯಾನ ಕೆಲಸ ಏನಿತ್ತು ನೋಡ್ರಿ ಅಂತ. ನಮ್ಮ ಕೇಸಿನ್ಯಾಗ ಡಾಕ್ಟರ್ ಸಾಹೇಬ್ರು ಬಲಗೈಗೆ 36% ಅಂತ ಬರದು ಕೊಟ್ಟಿದ್ರು. ನಮ್ಮ ಕಡೆ ಟ್ರಿಬ್ಯೂನಲ್‌ಗಳಾಗ, ಅಂದ್ರ ಆಕ್ಸಿಡೆಂಟ್ ಕ್ಲೇಮ್ ನೋಡೂ ಕೋರ್ಟಿನ್ಯಾಗ, ಸಾಮಾನ್ಯ ರೂಢಿ ಏನಪಾ ಅಂದ್ರ ಕೈ ಕಾಲಿನ ಪರ್ಸೆಂಟಿನ ಮೂರನೇ ಒಂದು ಭಾಗ ಇಡೀ ದೇಹಕ್ಕ ಅಂತ ಹಿಡಿಯೂದು, ಅಂದ್ರ 12. ಕಾರಿನ ಇನ್ಸೂರೆನ್ಸ್ ಕಡೆಯವ್ರು ಆ 12ಕ್ಕ ಗಟ್ಟಿ ಹಿಡಕೊಂಡ್ರು. ನಮ್ಮವರು ರೊಟ್ಟಿ ಬಡಿಯೂ ಹೆಣಮಗಳಿಗೆ ಬಲಗೈ ಅಂದ್ರ ಅಂಗಡಿ ಇದ್ದಂಗ ಅಂತ ವಾದ ಮಾಡಿದ್ರು, ಕೋರ್ಟ್ 20% ಹಿಡೀತು.

ಈಗ ಲೆಕ್ಕ ನೋಡ್ರಿ. ತಿಂಗಳ ಆದಾಯ 18,000 ಅಂತ ಹಿಡದ್ರು, ವರ್ಷಕ್ಕ 2,16,000. ವಯಸ್ಸಿಗೆ ತಕ್ಕಂಗ ಗುಣಿಸೂ ನಂಬರ್ ಇರ್ತೈತಿ, 2009ರ ಸರಳಾ ವರ್ಮಾ ತೀರ್ಪಿನಿಂದ ಬಂದದ್ದು, 46ರಿಂದ 50ರ ವಯಸ್ಸಿಗೆ 13. ಗುಣಿಸಿದ್ರ 28,08,000. ಅದರ 20% ಅಂದ್ರ 5,61,600. ಅದ 12% ಆಗಿದ್ರ 3,36,960. ಎರಡು ಲಕ್ಷ ಇಪ್ಪತ್ನಾಕು ಸಾವಿರದ ಮ್ಯಾಲ ಫರಕು, ಅದು ಆ ಮೊದಲನೇ ದಿನ ಕೇಳಿದ ಪ್ರಶ್ನೆಯಿಂದ ಬಂದ ಫರಕು ಅಂತ ನಾ ತಿಳ್ಕೊಂಡೀನಿ. ಇದರ ಮ್ಯಾಲ ಆಸ್ಪತ್ರಿ ಬಿಲ್ಲು, ನೋವು, ಮೂರು ತಿಂಗಳ ಕೆಲಸ ಬಂದ್ ಆಗಿದ್ದು, ನೋಡ್ಕೊಂಡವರ ಖರ್ಚು, ಓಡಾಟ, ಮುಂದ ಪ್ಲೇಟ್ ತಗಿಸೂ ಆಪರೇಷನ್, ಎಲ್ಲಾ ಬ್ಯಾರೆ ಬ್ಯಾರೆ ತಲಿಬರಹದಾಗ ಸೇರಿ ಎಂಟು ಮುಕ್ಕಾಲು ಲಕ್ಷದ ಹತ್ರ ಆತು, ಅದಕ್ಕ ಅರ್ಜಿ ಹಾಕಿದ ತಾರೀಖಿಂದ 6% ಬಡ್ಡಿ.

ಆ 18,000 ಸುಮ್ಮ ಬರ್ಲಿಲ್ಲ. ಅವ್ವಗ ಪ್ಯಾನ್ ಕಾರ್ಡ್ ಐತಿ, ಐಟಿ ರಿಟರ್ನ್ ಎಲ್ಲಿಂದ ಬರಬೇಕ್ರಿ? ಆದಾಯಕ್ಕ ದಾಖಲೆ ಇಲ್ಲಾಂದ್ರ ರಾಜಿ ಮಾಡಿಸೂ ಲೋಕ ಅದಾಲತ್‌ಗೆ ಅಂತ ಮಾಡಿದ ಆದಾಯದ ಚಾರ್ಟ್ ಐತಿ, ಆಯಾ ವರ್ಷಕ್ಕ ಇಷ್ಟು ಅಂತ, ಕೂಲಿ ಮಾಡೂವ್ರಿಗೂ ಅದ, ಧಂದೆ ಮಾಡೂವ್ರಿಗೂ ಅದ. ನಾ ಒಂದು ವಿಡಿಯೋ ಮಾಡಿ ಇಟ್ಟಿದ್ದೆ, ಅವ್ವಗ ರೊಟ್ಟಿ ಬಡಿಯಾಕ ಆಗವಲ್ದು ಅನ್ನೂದು ಕಾಣ್ತಿತ್ತು, ವಕೀಲ್ರು ನೋಡಿ ಇದು ಬ್ಯಾಡ, ಅವ್ವಾರು ಲೆಕ್ಕ ಎಲ್ಲಿ ಬರಕೋತಾರ ಅದನ್ನ ತಗೊಂಡ್ ಬಾ ಅಂದ್ರು. ಅದು ಒಂದು ಉದ್ದನ ವಹಿ, ಎಣ್ಣಿ ಕಲಿ ಹತ್ತಿದ್ದು, ಮೂಲ್ಯಾಗ ಹಿಟ್ಟು ಮೆತ್ತಿದ್ದು, ಒಂದ್ ಕಡೆ ಕೊಟ್ಟ ರೊಟ್ಟಿ ಲೆಕ್ಕ, ಇನ್ನೊಂದ್ ಕಡೆ ಖಾನಾವಳಿ ಮಾಲಕರ ಸಹಿ, ವಾರ ವಾರ ಬಟವಡೆ. ಖಾನಾವಳಿ ಮಾಲಕರು ಬಂದು ಸಾಕ್ಷಿನೂ ಹೇಳಿದ್ರು, ಹೌದ್ರಿ ಇದು ನನ್ನ ಸಹಿ, ಈಗ ಅವರ ಹಂತ್ಯಾಕ ರೊಟ್ಟಿ ಅರ್ಧಾನೂ ಬರಂಗಿಲ್ಲ ಅಂತ. ಒಬ್ಬ ಗಿರಾಕಿಗಾಗಿ ಕೋರ್ಟಿಗೆ ಬಂದು ಅರ್ಧ ದಿನ ಕುಂತ ಆ ಮನಷ್ಯಾನ ಉಪಕಾರ ನಾವು ಮರಿಯಂಗಿಲ್ಲ. ಅರ್ಜಿಯೊಳಗ ನಾವು 25,000 ಅಂದಿದ್ವಿ, ಕೋರ್ಟ್ ಪೂರ್ತಿ ಒಪ್ಪಲಿಲ್ಲ, ಹಿಟ್ಟು, ಕಟಗಿ, ಕೂಲಿ ಹೆಣಮಕ್ಳ ಖರ್ಚು ಕಳದು 18,000. ಚಾರ್ಟಿಗಿಂತ ಮ್ಯಾಲ ಬಂತಲ್ಲ ಅದ ದೊಡ್ಡದು.

ಕ್ರಾಸ್ ಮಾಡೂ ದಿನ, ಅಂದ್ರ ಎದುರಿನ ವಕೀಲ್ರು ಅವ್ವಗ ಪ್ರಶ್ನೆ ಕೇಳೂ ದಿನ, ನನಗ ಎದಿ ಡವಡವ, ಅವ್ವಗ ಏನೂ ಇಲ್ಲ. ಇನ್ಸೂರೆನ್ಸ್ ವಕೀಲ್ರು ಕೇಳಿದ್ರು, ನೀವು ಬಲಗೈಲೆ ಊಟ ಮಾಡ್ತೀರಿ ಹೌದಲ್ಲೋ? ಅಕಿ ಅಂದ್ಲು, ಮಾಡ್ತೀನ್ರಿ ಸಾಹೇಬ್ರ, ರೊಟ್ಟಿ ಮುರದು ತಿನ್ನಾಕ ಎರಡು ಬಳ್ಳು ಸಾಕು, ಬಡಿಯಾಕ ಅಂಗೈ ಬೇಕು. ಆಮ್ಯಾಲ ಆಟೋದಂವಂದೂ ತಪ್ಪಿತ್ತು ಅಂತ ಎಳದ್ರು. ಇದಕ್ಕ ನಮ್ಮವರು ಮೊದಲ ತಯಾರ್ ಇದ್ರು, ಆಟೋ ಮಾಲಕನ್ನೂ ಅದರ ಇನ್ಸೂರೆನ್ಸ್‌ನೂ ಪಾರ್ಟಿ ಮಾಡಿದ್ರು, ಯಾಕಂದ್ರ ಎರಡು ಗಾಡಿ ತಪ್ಪಿನಿಂದ ಒಳಗ ಕುಂತ ಪ್ಯಾಸೆಂಜರಿಗೆ ಪೆಟ್ಟಾದ್ರ ಅಂವ ಯಾವ ಒಬ್ಬರಿಂದ ಬೇಕಾದ್ರೂ ಪೂರ್ತಿ ಪರಿಹಾರ ತಗೋಬಹುದು ಅಂತ 2015ರಾಗ ಸುಪ್ರೀಂ ಕೋರ್ಟ್ ಹೇಳೈತಿ, ಅವರವರ ಪಾಲು ಅವರವರ ನಡುವ ಬಗಿಹರಿಸ್ಕೋಬೇಕು.

ಕಾಗದ ಪತ್ರದ ವಿಷಯದಾಗ ಈ ಆಫೀಸ್ ಭಾಳ ಕಟ್ಟುನಿಟ್ಟು. ಮೊದಲ ನೋಡಿದ್ದ ಆಸ್ಪತ್ರಿ ಎಮ್‌ಎಲ್‌ಸಿ (ಪೊಲೀಸ್ರಿಗೆ ತಿಳಿಸಬೇಕಾದ ಗಾಯದ ಕೇಸು) ನೋಂದಣಿ, ಅದ್ರಾಗ ರೋಡ್ ಆಕ್ಸಿಡೆಂಟ್ ಅಂತ ಬರದಾರೋ ಇಲ್ಲಾ ಗಡಿಬಿಡ್ಯಾಗ ಯಾರರ ಕಾಲು ಜಾರಿ ಬಿದ್ದದ್ದು ಅಂತ ಹೇಳಿ ಹಂಗ ಬರದಾರೋ, ಆ ಒಂದು ಸಾಲು ತಪ್ಪಿದ್ರ ಇನ್ಸೂರೆನ್ಸ್‌ನವರಿಗೆ ಹಬ್ಬ. ಆಮ್ಯಾಲ ಎಫ್‌ಐಆರ್, ಪಂಚನಾಮೆ, ವೂಂಡ್ ಸರ್ಟಿಫಿಕೇಟ್, ಮೋಟಾರ್ ಇನ್‌ಸ್ಪೆಕ್ಟರ್ ರಿಪೋರ್ಟ್, ಚಾರ್ಜ್‌ಶೀಟ್. ನಮ್ಮದು ಹಳೇ ಐಪಿಸಿ 279, 338ರಾಗ ಆದ ಕೇಸು, 2024ರ ಜುಲೈ 1ರ ನಂತರದ್ದಾದ್ರ ಅದರ ಬದಲಿಗೆ ಬಂದ ಬಿಎನ್‌ಎಸ್ 281, 125 ಅಂತ ಬರ್ತೈತಿ, ಗಾಬರಿ ಆಗಬ್ಯಾಡ್ರಿ ಎರಡೂ ಒಂದ ಥರದ್ದು. ಕಾರಿನ ಇನ್ಸೂರೆನ್ಸ್ ಆ ದಿನಕ್ಕ ಚಾಲ್ತಿ ಇತ್ತೇನು ಅಂತ ಅವರ ಹುಡುಗ ನಮ್ಮ ಮುಂದ ಎಂ-ಪರಿವಾಹನ್ ಆ್ಯಪಿನ್ಯಾಗ ಗಾಡಿ ನಂಬರ್ ಹೊಡದು ತೋರಿಸಿದ, ಇದನ್ನ ನೀವ ಮನ್ಯಾಗ ಕುಂತು ಮಾಡಬಹುದು. ಮೆಡಿಕಲ್ ಅಂಗಡ್ಯಾಗ ಚೀಟಿ ಮ್ಯಾಲ ಬರದು ಕೊಟ್ಟದ್ದೆಲ್ಲಾ ತಗದು ಒಗದ್ರು, ಹೆಸರು, ತಾರೀಖು ಇದ್ದ ಬಿಲ್ಲಷ್ಟ ಪಟ್ಟಿ ಮಾಡಿ ನಂಬರ್ ಹಾಕಿದ್ರು.

ಒಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ, ಅರ್ಜಿಗೆ ಟೈಮ್ ಐತಿ. ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಆಗಿ 2022ರ ಏಪ್ರಿಲ್ 1ರಿಂದ ಆಕ್ಸಿಡೆಂಟ್ ಆದ ಆರು ತಿಂಗಳದಾಗ ಅರ್ಜಿ ಹಾಕಬೇಕು ಅಂತ ಬಂದೈತಿ. ಮೊದ್ಲ ಕೈ ನೆಟ್ಟಗ ಆಗ್ಲಿ ಆಮ್ಯಾಲ ನೋಡೋಣ ಅಂತ ಕುಂತ್ರ ಎದುರಿನವರಿಗೆ ಒಂದು ಆಯುಧ ಕೊಟ್ಟಂಗ. ಇನ್ನ, ಆಕ್ಸಿಡೆಂಟ್ ಹಾವೇರಿ ಹಂತ್ಯಾಕ ಹೈವೇದಾಗ ಆಗಿರ್ಲಿ, ಮಹಾರಾಷ್ಟ್ರದಾಗ ಆಗಿರ್ಲಿ, ನೀವು ಹುಬ್ಬಳ್ಳ್ಯಾಗ ಇರೂವ್ರಾದ್ರ ಇಲ್ಲೇ ಹಾಕಾಕ ಬರ್ತೈತಿ, ಆ ಊರಿಗೆ ಅಡ್ಡಾಡೂದು ಬೇಕಾಗಿಲ್ಲ.

ಒಂದ್ ಸ್ಟಾರ್ ಯಾಕ ಕಟ್ ಮಾಡಿದೆ ಅಂತ ಹೇಳಬೇಕಲ್ಲ. ಫೋನ್! ಈ ಮನಷ್ಯಾ ಫೋನ್ ಎತ್ತಂಗಿಲ್ಲ. ತಾರೀಖು ಯಾವತ್ತು, ಹೋಗಬೇಕೋ ಬ್ಯಾಡೋ ಅಂತ ಕೇಳಾಕ ಮಾಡಿದ್ರ ರಿಂಗಾಗಿ ರಿಂಗಾಗಿ ಬಂದ್. ಕೊನಿಗೆ ನಾನ ಇ-ಕೋರ್ಟ್ಸ್ ಆ್ಯಪ್ ಹಾಕ್ಕೊಂಡು ಕೇಸ್ ನಂಬರ್ ಸೇವ್ ಮಾಡಿ ತಾರೀಖು ನೋಡ್ಕೊಳ್ಳಾಕತ್ತೆ, ಇದು ಮೊದಲ ದಿನಾನ ಆ ಆಫೀಸಿನವರು ಹೇಳಿಕೊಡಬೇಕಾಗಿತ್ತು. ಡಾಕ್ಟರ್ ಸಾಕ್ಷಿಗೆ ಅಂತ ಅವ್ವನ್ನ ಕರಕೊಂಡು ಹೋಗಿ ಡಾಕ್ಟರ್ ಬರ್ಲಾರ್ದ ತಿರುಗಿ ಬಂದದ್ದೂ ಐತಿ, ಅದು ಬರೇ ವಕೀಲ್ರ ತಪ್ಪಲ್ಲ, ಆದ್ರ ಹಿಂದಿನ ದಿನ ಒಂದು ಮೆಸೇಜ್ ಹಾಕಿದ್ರ ಅಕಿ ಬಿಸಲಾಗ ಬರೂದು ತಪ್ಪತಿತ್ತು. ಜೂನಿಯರ್ ಹುಡುಗ ಮಾತ್ರ ಒಳ್ಳೆಂವ, ಕೇಳಿದ್ದಕ್ಕ ತಾಳ್ಮಿಲೆ ಹೇಳ್ತಾನ, ಅವ್ವಗ ಕುಂಡ್ರಾಕ ಕುರ್ಚಿ ಹುಡುಕಿ ತಂದು ಕೊಡ್ತಿದ್ದ.

ಫೀ ವಿಷಯ ಸಾಫ್ ಇತ್ತು. ಮೊದಲ 10,000, ಅರ್ಜಿ ಖರ್ಚು ಸೇರಿ. ಸಾಕ್ಷಿ ಮುಗದ ಮ್ಯಾಲ ಒಂದಿಷ್ಟು, ಆರ್ಡರ್ ಆದ ಮ್ಯಾಲ ಒಂದಿಷ್ಟು, ಒಟ್ಟು ಎಷ್ಟು ಅಂತ ಮೊದಲ ದಿನಾನ ಹೇಳಿದ್ರು, ಅದರ ಮ್ಯಾಲ ಕೇಳ್ಲಿಲ್ಲ. ಡಾಕ್ಟರ್ ಸಾಕ್ಷಿ ಖರ್ಚು ಬ್ಯಾರೆ, ಅದು ಸ್ವಲ್ಪ ಜಾಸ್ತೀನ ಅನಿಸ್ತು. ರಸೀತಿ ಕೇಳಿದ್ರ ಕೊಡ್ತಾರ, ಕೇಳಲಿಲ್ಲಾಂದ್ರ ಕೊಡಂಗಿಲ್ಲ, ಕೇಳ್ರಿ.

ನಡುವ ಲೋಕ ಅದಾಲತ್‌ನ್ಯಾಗ ಇನ್ಸೂರೆನ್ಸ್‌ನವರು ಎಲ್ಲಾ ಸೇರಿ 4 ಲಕ್ಷ ಅಂದ್ರು. ಮನ್ಯಾಗ ದೊಡ್ಡ ಜಗಳ, ಭಾವ ತಗೋರಿ ಅಂತಾನ, ಕಾಕಾ ತಗೋಬ್ಯಾಡ್ರಿ ಅಂತಾನ. ವಕೀಲ್ರು ತಗೋ ಅನ್ಲಿಲ್ಲ, ಬಿಡು ಅನ್ಲಿಲ್ಲ, ಒಂದು ಹಾಳಿ ಮ್ಯಾಲ ಮ್ಯಾಲಿನ ಲೆಕ್ಕಾನ 12%ಕ್ಕೂ 20%ಕ್ಕೂ ಎರಡೂ ಬರದು ತೋರಿಸಿದ್ರು, ಅದಾಲತ್‌ನ್ಯಾಗ ಒಪ್ಪಿದ್ರ ಆಮ್ಯಾಲ ಅಪೀಲ್ ಇಲ್ಲ, ಲಗೂ ರೊಕ್ಕ ಬರ್ತೈತಿ, ಬಿಟ್ರ ಇನ್ನೂ ವರ್ಷ ಹಿಡೀಬಹುದು ಅಂತ ಹೇಳಿ ಸುಮ್ಮಾದ್ರು. ಅವ್ವನ ಬ್ಯಾಡ ಅಂದ್ಲು. ಇಲ್ಲೆ ಒಂದ್ ಮಾತು ಹೇಳಬೇಕು, ಸಾಲ ತಲಿ ಮ್ಯಾಲ ಇದ್ದವರಿಗೆ ಅದಾಲತ್ ಕೆಟ್ಟದ್ದೇನಲ್ಲ, ನಮಗ ನನ್ನ ಪಗಾರ ಇತ್ತು, ತಡಕೊಂಡ್ವಿ.

2025ರಾಗ ಆರ್ಡರ್ ಆತು. ನನಗ ಚಲೋ ಅನಿಸಿದ್ದು ಏನಂದ್ರ ರೊಕ್ಕ ವಕೀಲ್ರ ಕೈಯಿಂದ ದಾಟಿ ಬರ್ಲಿಲ್ಲ. 2025ರ ಮಾರ್ಚಿನ್ಯಾಗ ಸುಪ್ರೀಂ ಕೋರ್ಟ್ ಪರಿಹಾರ ನೇರ ಗಾಯಾಳು ಬ್ಯಾಂಕ್ ಖಾತೆಗೇ ಹೋಗಬೇಕು ಅಂತ ಹೇಳೈತಿ, ನಮ್ಮ ವಕೀಲ್ರು ಅವ್ವನ ಪಾಸ್‌ಬುಕ್ ಝೆರಾಕ್ಸ್ ತಾವಾಗಿ ಕೇಳಿ ಕೋರ್ಟಿಗೆ ಕೊಟ್ರು. ಒಂದು ಭಾಗ ರಾಷ್ಟ್ರೀಕೃತ ಬ್ಯಾಂಕಿನ್ಯಾಗ ಎಫ್‌ಡಿ ಇಡಬೇಕು ಅಂತ ಆರ್ಡರಿನ್ಯಾಗ ಐತಿ, ಅವ್ವ ಮೊದಲ ಗೊಣಗಿದ್ಲು, ನನ್ನ ರೊಕ್ಕಕ್ಕ ಇವರದೇನು ಅಂತ, ಈಗ ನಮ್ಮ ತಂಗಿ ಮದಿವಿ ಮಾತು ಬಂದಾಗ ಎಲ್ಲಾರಿಗೂ ಎಫ್‌ಡಿ ತೋರಸ್ತಾಳ.

ಧಾರವಾಡ ಹೈಕೋರ್ಟ್ ಬೆಂಚಿಗೆ ಅಪೀಲ್ ಹೋಗೋಣೇನ್ರಿ ಅಂತಾನೂ ಕೇಳಿದ್ರು, 90 ದಿನದಾಗ ಹಾಕಬೇಕು. ಮುಂದ ಆದಾಯ ಹೆಚ್ಚಾಗ್ತಿತ್ತು ಅಂತ 40ರಿಂದ 50 ವಯಸ್ಸಿನ ಸ್ವಂತ ಧಂದೆಯವರಿಗೆ 25% ಸೇರಸೂ ಪದ್ಧತಿ ಐತಿ, ನಮ್ಮ ಆರ್ಡರಿನ್ಯಾಗ ಅದು ಬಿಟ್ಟು ಹೋಗಿತ್ತು, ಸೇರಿಸಿದ್ರ ಇನ್ನೂ 1,40,400 ಆಗ್ತಿತ್ತು. ಇದಕ್ಕ ಮಾತ್ರ ನನಗ ಅವ್ವನ ಮ್ಯಾಲ ಸ್ವಲ್ಪ ಸಿಟ್ಟೈತಿ, ಸಾಕೋ ಮಾರಾಯಾ ಕೋರ್ಟಿನ ಮೆಟ್ಟಲಾ ಹತ್ತಿ ಸಾಕಾತು ಅಂದ್ಲು, ಬಿಟ್ವಿ.

ಯಾರಿಗೆ ಈ ವಕೀಲ್ರು ಬ್ಯಾಡ ಅಂದ್ರ, ಗುದ್ದಿದ ಗಾಡಿ ಸಿಗದ ಕೇಸಿನವರಿಗೆ. ನಮ್ಮ ಕಾಕಾಗ ಗದಗ ರೋಡಿನ್ಯಾಗ ಯಾವುದೋ ಕಾರು ಗುದ್ದಿ ಓಡಿ ಹೋಗಿತ್ತು, ಕಾಲು ಮುರೀತು, ಅವನ್ನೂ ಕರಕೊಂಡು ಹೋದೆ, ಇದಕ್ಕ ವಕೀಲ್ರಿಗೆ ರೊಕ್ಕ ಯಾಕ ಹಾಕ್ತೀರಿ ಅಂತ ಅವರ ವಾಪಸ್ ಕಳಿಸಿದ್ರು. ಹಿಟ್ ಅಂಡ್ ರನ್ ಸ್ಕೀಮಿನ್ಯಾಗ ದೊಡ್ಡ ಗಾಯಕ್ಕ 50,000, ಜೀವ ಹೋದ್ರ 2 ಲಕ್ಷ, 2022ರ ಏಪ್ರಿಲಿಂದ ಈ ರೇಟು, ಅರ್ಜಿ ಕೋರ್ಟಿಗಲ್ಲ ತಹಸೀಲ್ದಾರ್ ಇಲ್ಲಾ ಎ.ಸಿ. ಸಾಹೇಬ್ರ ಕಡೆ. ಇನ್ನ ಈಗ ಹೊಸದಾಗಿ ಆಕ್ಸಿಡೆಂಟ್ ಆದವ್ರು ಆಸ್ಪತ್ರ್ಯಾಗ ಸೇರಿಸೂ ಹೊತ್ತಿಗೇ ಕ್ಯಾಶ್‌ಲೆಸ್ ಸ್ಕೀಮ್ ಕೇಳ್ರಿ, 2025ರ ಮೇ ತಿಂಗಳದಾಗ ಬಂದದ್ದು, ಏಳು ದಿನದ ತನಕ ಒಂದೂವರೆ ಲಕ್ಷದವರೆಗೆ, ನಮ್ಮ ಕಾಲಕ್ಕ ಇದು ಇರ್ಲಿಲ್ಲ.

10,000 ಸುದ್ದಾ ಕೈಯಾಗ ಇಲ್ಲ ಅನ್ನೂವ್ರು ಏಜೆಂಟರ ಬಲಿಗೆ ಬೀಳಬ್ಯಾಡ್ರಿ, ಕೋರ್ಟ್ ಆವರಣದಾಗ ತಾಲೂಕು ಕಾನೂನು ಸೇವಾ ಸಮಿತಿ ಇರ್ತೈತಿ, ಗಾಯ ಆದವ್ರು ಹೆಣಮಕ್ಳಾದ್ರ ಆದಾಯ ಎಷ್ಟು ಅಂತಾನೂ ನೋಡಂಗಿಲ್ಲ, ವಕೀಲ್ರನ್ನ ಫ್ರೀ ಕೊಡ್ತಾರ, ಆಧಾರ್ ಕಾರ್ಡು, ಎಫ್‌ಐಆರ್ ಕಾಪಿ ಹಿಡ್ಕೊಂಡು ಬೆಳಿಗ್ಗೆ 11ರ ಸುಮಾರಿಗೆ ಹೋಗ್ರಿ.